ಆರನೆಯ ಮನೆ

ಮಲ್ಪೆ ಬಂದರು. ಬೆಳಗಿನ ಐದೂವರೆ.
ಏಲಂ ಕೂಗುವವನ ಗಂಟಲು ಇನ್ನೂ ಕಾದಿರಲಿಲ್ಲ.
ಬಂಗುಡೆಯ ಕಣ್ಣು ಕೆಂಪಾಗಿದೆಯೋ ನೋಡೋಣವೆಂದು ಬಗ್ಗಿದೆ.
ನಾನು ಮಾಡಿದ್ದು ಅಷ್ಟೇ. ಬಗ್ಗಿದ್ದು.

ಸೊಂಟದಿಂದ ಜಾರಿತು ಕಾನ್ಪುರದ ಮೂವತ್ತೆರಡು,
ಒದ್ದೆ ಸಿಮೆಂಟಿಗೆ ಬಿತ್ತು,
ಕುದುರೆ ಮೊದಲು.

ಸದ್ದು ದೊಡ್ಡದೇನಲ್ಲ.
ಐಸ್ ಪುಡಿ ಮಾಡುವ ಮಿಷನ್ನು, ಡೀಸೆಲ್ ಇಂಜಿನ್ನುಗಳ ನಡುವೆ
ಯಾರೋ ಹಲಗೆ ಬೀಳಿಸಿದರು ಅಂದುಕೊಂಡರು ಜನ.
ಗೊತ್ತಾದದ್ದು ಕಾಗೆಗಳಿಗೆ,
ಬಂದರಿಡೀ ಇದ್ದಷ್ಟೂ ಒಂದೇ ಸಲಕ್ಕೆ ಎದ್ದವು.

ಆಮೇಲೆ ವಾರಿಜಕ್ಕನ ತಲೆಯ ಮೇಲಿನ ಬೋಗುಣಿಯಿಂದ
ನೀರು ಇಳಿಯತೊಡಗಿತು, ಎಡಭುಜದ ಮೇಲೆ,
ನೂಲಿನ ಹಾಗೆ.
ಕೈಯೆತ್ತಿ ಒರೆಸಿಕೊಂಡಳು.
ಮತ್ತೆ ಇಳಿಯಿತು. ಮತ್ತೆ ಒರೆಸಿಕೊಂಡಳು.
ಕಾನ್‌ಸ್ಟೇಬಲ್ ಬಂದು ಒಂದೊಂದೇ ಬೂತಾಯಿ ಎತ್ತಿಟ್ಟು ಹುಡುಕಿದ,
ಹದಿನೇಳನೆಯದರ ಹೊಟ್ಟೆಯಲ್ಲಿ ಸಿಕ್ಕಿತು,
ಹುಣಸೆ ಬೀಜದಷ್ಟು.

ಯಾಕೆ ಇಟ್ಟುಕೊಂಡಿರಿ ಎಂದು ಎಲ್ಲರೂ ಕೇಳುತ್ತಾರೆ.
ಆರು ವರ್ಷದ ಹಿಂದೆ ಒಂದು ಫೋನು ಬಂದಿತ್ತು,
ನಂಬರು ಪರದೇಶದ್ದು, ತುಳು ನಮ್ಮದೇ.
ನನ್ನ ಎರಡು ಬೋಟಿನ ಹೆಸರು ಹೇಳಿದ,
ಮಗಳ ಶಾಲೆಯ ಹೆಸರು ಹೇಳಿದ, ಇಟ್ಟ.
ಮತ್ತೆ ಮಾಡಲಿಲ್ಲ.
ನಾನು ಮಣಿಪಾಲದ ಡಿ.ಸಿ. ಆಫೀಸಿಗೆ ಹನ್ನೊಂದು ಸಲ ಅಲೆದೆ.

ಅಲ್ಲಿಂದ ಮೈ ಬೇರೆಯಾಯಿತು.
ಮದುವೆಯಲ್ಲಿ ನೆಲದ ಪಂಕ್ತಿ ಬಿಟ್ಟು ಟೇಬಲ್ಲು ಹುಡುಕಿದೆ,
ತಬ್ಬಲು ಬಂದವರಿಗೆ ಎಡಮಗ್ಗುಲು ಕೊಟ್ಟೆ.
ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಟ್ಟು
ರಸೀದಿ ಜೇಬಿಗೆ ಹಾಕಿಕೊಂಡು
ನಲವತ್ತು ದಿನ ಹಗುರಾಗಿ ನಡೆದೆ.
ಯಾರೂ ಕೊಲ್ಲಲಿಲ್ಲ.

ಕಲಿಸಿದವರು ಐತಪ್ಪ ಹವಾಲ್ದಾರರು, ರಿಟೈರಾದವರು.
‘ಹಳೇ ನಮೂನೆ ಇದು. ಕುದುರೆಯ ಮೂಗು
ಗುಂಡಿನ ಬೆನ್ನಿಗೇ ತಾಗಿ ನಿಂತಿರ್ತದೆ.
ಆರು ಮನೆಯಲ್ಲಿ ಐದು ತುಂಬಿ.
ಕುದುರೆ ಕೆಳಗಿನದ್ದು ಖಾಲಿ ಇರಲಿ.
ಚರ್ಮದ ಚೀಲ ಬೇಕು, ಮೇಲೆ ಗುಂಡಿ ಹಾಕುವಂಥದ್ದು.
ಸಿಕ್ಕಿಸಿಕೊಂಡು ತಿರುಗಲಿಕ್ಕೆ ಇದೇನು ಪೆನ್ನಾ?’

ತಲೆಯಾಡಿಸಿದೆ.
ಆದರೆ ನಾನು ಬೋಟಿನವ, ಖಾಲಿ ಬಿಟ್ಟ ಜಾಗ ಕಂಡರೆ
ಡೀಸೆಲ್ಲಿನ ಲೆಕ್ಕ ನೆನಪಾಗುತ್ತದೆ.
ಚೀಲ ಬೆವರಿಗೆ ನಾರುತ್ತದೆಂದು ಗೋದ್ರೇಜಿನಲ್ಲಿಟ್ಟೆ,
ಆರನೆಯ ಮನೆಯನ್ನೂ ತುಂಬಿದೆ.
ಆಟಿ ತಿಂಗಳಿಡೀ ಚೆನ್ನೆಮಣೆ ಆಡಿ ಬೆಳೆದವನಿಗೆ
ಖಾಲಿ ಮನೆಯಲ್ಲೇ ಆಟ ತಿರುಗುವುದೆಂದು
ಗೊತ್ತಿರಬೇಕಿತ್ತು.

ಠಾಣೆಯಲ್ಲಿ ಕೇಳಿದರು: ‘ಯಾರಿಗೆ ಇಟ್ಟ ಗುರಿ?’
ಯಾರಿಗೂ ಇಲ್ಲ.
ಫಾರಮ್ಮಿನಲ್ಲಿ ಅದನ್ನು ಬರೆಯಲು ಜಾಗವಿರಲಿಲ್ಲ.
ಅಂಚಿನಲ್ಲಿ ‘ಅಕಸ್ಮಾತ್ತಾಗಿ’ ಎಂದು ಬರೆದರು,
ಸಹಿ ಹಾಕಿದೆ.
ಏಲಂ ಕಟ್ಟೆಯಲ್ಲಿ ಈಗಲೂ ಹೇಳುತ್ತಾರೆ,
ಪಾಪ, ಅದು ತಾನಾಗಿ ಹಾರಿದ್ದು.
ತಾನಾಗಿ ಹಾರುವುದು ಕಾಗೆ.
ಅದೂ ಏನಾದರೂ ಕೇಳಿಸಿದ ಮೇಲೆ.

ವಾರಿಜಕ್ಕ ಹೊಸ ಬೋಗುಣಿ ಕೇಳಿದಳು. ಒಂದಲ್ಲ, ಎರಡು.
ದೊಡ್ಡ ಸೈಜಿನದ್ದು.
ಕೊಡಿಸಿದೆ. ಅವನ್ನು ಮಗಳ ಮನೆಗೆ ಕಳಿಸಿ
ಹಳೆಯದನ್ನೇ ಹೊತ್ತು ಬಂದಳು.
‘ತೂತು ಒಳ್ಳೇದೇ ಆಯ್ತು ಮಾರಾಯ್ರೆ,
ಐಸಿನ ನೀರು ತನ್ನಷ್ಟಕ್ಕೆ ಇಳೀತದೆ.
ಇನ್ನೆರಡು ಬೆರಳು ಕೆಳಗೆ ಬಿದ್ದಿದ್ರೆ
ಪೂರಾ ಇಳೀತಿತ್ತು.’

ನಕ್ಕಳೋ ಇಲ್ಲವೋ, ಕತ್ತಲಿತ್ತು.
ಬೋಗುಣಿ ಎತ್ತಿ ತಲೆಗಿಟ್ಟುಕೊಂಡು ಬಸ್ಸಿನ ಕಡೆ ಹೊರಟಳು.
ಹಿಂದೆ ನಿಂತು, ಒಂದು ಕಣ್ಣು ಮುಚ್ಚಿ,
ಬೆರಳು ಜೋಡಿಸಿ ಗಾಳಿಯಲ್ಲಿ ಅಳೆದೆ.
ತೂತಿನಿಂದ ತಳಕ್ಕೆ ಎರಡು ಬೆರಳು.
ಸಿಂಬೆ ಇನ್ನೆರಡು.
ಆಮೇಲೆ ಬೈತಲೆ.